‘ಸಾಧ್ವಿ ಅಕ್ಕಯ್ಯಮ್ಮ’ ನಾಟಕದ ಐತಿಹಾಸಿಕ ಹಿನ್ನೆಲೆ

ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಗೌನಿಪಲ್ಲಿಯಿಂದ ಆಚೆಗಿನ ಹಳ್ಳಿಗಳಲ್ಲಿ, ಎಪ್ಪತ್ತು ವರ್ಷಗಳಿಂದ ಒಬ್ಬ ಹೆಂಗಸು ತಪ್ಪದೆ ಸಾಯುತ್ತ ಬಂದಿದ್ದಳು. ಅವಳು ‘ಸಾಧ್ವಿ ಅಕ್ಕಯ್ಯಮ್ಮ’ ಎಂಬ ನಾಟಕದ ನಾಯಕಿ. ಕಥೆ ದೊಡ್ಡದೇನಲ್ಲ. ಪಾಳೇಗಾರ ತಿಮ್ಮನಾಯಕ ಯುದ್ಧಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಅವನ ಹೆಂಡತಿಯ ಮೇಲೆ ಚಾಡಿ ಹೇಳಿರುತ್ತಾರೆ. ಅವನು ಹಿಂದುಮುಂದು ವಿಚಾರಿಸದೆ ತುಂಬಿದ ಸಭೆಯಲ್ಲಿ ಅವಳಿಗೆ ಹೊಡೆಯುತ್ತಾನೆ. ಅವಳು ಬಿಂದಿಗೆ ಹಿಡಿದು ಕೆರೆಗೆ ಹೋಗಿ, “ಸ್ವಾಮಿ, ನಿಮ್ಮ ಕೈಯ ಪೆಟ್ಟೂ ನನಗೆ ಪ್ರಸಾದ. ಇನ್ನೇಳು ಜನ್ಮಕ್ಕೂ ದೇವರು ನನ್ನನ್ನು ಈ ಕೈಗೇ ಒಪ್ಪಿಸಲಿ” ಎಂದು ಹೇಳಿ ಮುಳುಗುತ್ತಾಳೆ. ಬಿಂದಿಗೆ ಮಾತ್ರ ತೇಲುತ್ತದೆ. ಆಮೇಲೆ ನಾಯಕನಿಗೆ ನಿಜ ತಿಳಿದು, ಆ ಬಿಂದಿಗೆಯನ್ನು ತಬ್ಬಿಕೊಂಡು ಹಾರ್ಮೋನಿಯಂ ಜತೆ ಅಳುತ್ತಾನೆ. ಸಾಯುವುದಕ್ಕೆ ಹೆಂಡತಿಗೆ ಸಿಕ್ಕುವುದು ಎರಡು ನಿಮಿಷ. ಅಳುವುದಕ್ಕೆ ಗಂಡನಿಗೆ ಇಪ್ಪತ್ತು.

ಇದನ್ನು ಬರೆದವರು ಚನ್ನರಾಯಪ್ಪ ಮೇಷ್ಟ್ರು. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು ಹೇಳುವಾಗ ಎದ್ದು ನಿಲ್ಲುವವರಿದ್ದಾರೆ. ಅವರ ಮೊಮ್ಮಗ ಭೀಮರಾಜ್ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನಡೆಸುತ್ತಾನೆ. ಕೋಲಾರದ ಒಂದು ಖಾಸಗಿ ಕಾಲೇಜಿನ ಆಡಳಿತ ಮಂಡಳಿಯಲ್ಲಿಯೂ ಇದ್ದಾನೆ. ನಾಟಕಕ್ಕೆ ಎಪ್ಪತ್ತು ತುಂಬಿದ ವರ್ಷ ಅವನು ಒಂದು ಸಮಿತಿ ಮಾಡಿ ತಾನೇ ಅಧ್ಯಕ್ಷನಾಗಿ, ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ಹೊರೆಸಿಕೊಂಡು ಆ ಕಾಲೇಜಿಗೆ ಬಂದ. ಅಲ್ಲಿ ಇತಿಹಾಸ ಪಾಠ ಮಾಡುವ ಸುನಂದ ಎಂಬವಳಿಂದ ಅವನಿಗೆ ಒಂದು ಕೆಲಸ ಆಗಬೇಕಿತ್ತು. ಸ್ಮರಣ ಸಂಚಿಕೆಗೆ ನಾಟಕದ ಐತಿಹಾಸಿಕ ಹಿನ್ನೆಲೆಯ ಬಗ್ಗೆ ಎಂಟು ಪುಟದ ಲೇಖನ ಬೇಕು, ಶಾಸನ ಗೀಸನ ಹಾಕಿ ಗಟ್ಟಿಯಾಗಿ ಬರೆಯಿರಿ ಅಂದ. ತಾತನ ಊರಿನ ಕೆರೆಯ ಏರಿಯ ಮೇಲೆ ಅಕ್ಕಯ್ಯಮ್ಮನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು ಇದೆ, ಅಲ್ಲೊಂದು ಗುಡಿ ಕಟ್ಟಿಸುವ ಯೋಜನೆ ಇದೆ, ಅದಕ್ಕೆ ಸರ್ಕಾರದವರಿಗೆ ತೋರಿಸಲು ಒಂದು ಆಧಾರ ಬೇಕು ಎಂದೂ ಹೇಳಿದ. ಅಂದರೆ ಇತಿಹಾಸ ಏನಾಗಿರಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಅದನ್ನು ಬರೆಯುವುದಕ್ಕೆ ಎಂ.ಎ. ಮಾಡಿದ ಒಂದು ಕೈ ಬೇಕಾಗಿತ್ತು, ಅಷ್ಟೆ.

ಸುನಂದಳಿಗೆ ನಲವತ್ತೆರಡು ವರ್ಷ. ಹನ್ನೊಂದು ವರ್ಷದಿಂದ ಆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಷ್ಟು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿರುವವರಿಗೆ ಮನೆಯವರ ಮಾತು ತೆಗೆದುಹಾಕುವ ಧೈರ್ಯ ಇರುವುದಿಲ್ಲ. ಆ ನಾಟಕವನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು. ಎಲ್ಲರೂ ಅಳುವಾಗ ತನಗೆ ಆಕಳಿಕೆ ಬಂದಿದ್ದು ಅವಳಿಗೆ ನೆನಪಿತ್ತು. ಆದರೂ ಆಗಲಿ ಸರ್ ಅಂದಳು. ಮನೆಗೆ ಹೋಗಿ ಒಂದೇ ದಿನದಲ್ಲಿ ಮೂರು ಪುಟ ಬರೆದಳು. ತಿಮ್ಮನಾಯಕನೆಂಬ ಪಾಳೇಗಾರ ಈ ಭಾಗದಲ್ಲಿ ಆಳಿದ್ದಿರಬಹುದು ಎಂದು ಬರೆದಳು. ಅಕ್ಕಯ್ಯಮ್ಮ ಅವನ ಪಟ್ಟದ ಹೆಂಡತಿ ಎನ್ನಲಾಗಿದೆ ಎಂದು ಬರೆದಳು. ಯಾರು ಎನ್ನುತ್ತಾರೆ ಎಂದು ಕೇಳಿದರೆ ತನ್ನ ಬಳಿ ಉತ್ತರವಿಲ್ಲ ಎಂಬುದು ನಾಲ್ಕನೆಯ ಪುಟಕ್ಕೆ ಬಂದಾಗ ಅವಳಿಗೇ ಹೊಳೆಯಿತು. ಬರೆದಿದ್ದನ್ನು ಓದಿಕೊಂಡಳು. ಪರೀಕ್ಷೆಯಲ್ಲಿ ತನ್ನ ವಿದ್ಯಾರ್ಥಿಗಳು ಹೀಗೆ ಬರೆದಾಗ ಅವಳು ಸೊನ್ನೆ ಹಾಕುತ್ತಿದ್ದಳು.

ಮಾರನೆಯ ವಾರ ಜಿಲ್ಲೆಯ ಶಾಸನಗಳ ಸಂಪುಟ ತೆಗೆದು ನೋಡಿದಳು. ಆ ಕಡೆ ತಿಮ್ಮನಾಯಕ ಎಂಬ ಹೆಸರೇ ಇರಲಿಲ್ಲ. ಊರಿನವರು ಕೋಟೆ ಎಂದು ತೋರಿಸುವ ಗೋಡೆ ಬ್ರಿಟಿಷರ ಕಾಲದಲ್ಲಿ ತುಡುಗು ದನ ಕೂಡಿಹಾಕುತ್ತಿದ್ದ ದೊಡ್ಡಿಯದು. ಉಳಿದದ್ದು ಮಾಸ್ತಿಕಲ್ಲು. ಒಂದು ಭಾನುವಾರ ಬಸ್ಸು ಹಿಡಿದು ಹೋಗಿ ಕೆರೆಯ ಏರಿ ಹತ್ತಿದಳು. ಕಲ್ಲಿಗೆ ಹಸಿರು ಸೀರೆ ಉಡಿಸಿ, ಮುಖಕ್ಕೆ ಅರಿಸಿನ ಮೆತ್ತಿ, ಬುಡದಲ್ಲಿ ಬಳೆ ಗುಡ್ಡೆ ಹಾಕಿದ್ದರು. ಸುನಂದ ಅತ್ತಿತ್ತ ನೋಡಿ ಸೀರೆ ಸರಿಸಿದಳು. ಒಳಗೆ ಒಬ್ಬ ಗಂಡಸು ನಿಂತಿದ್ದ. ಒಂದು ಕೈಯಲ್ಲಿ ಕತ್ತಿ, ಕಾಲ ಬಳಿ ನಾಲ್ಕು ದನ, ಅರಿಸಿನದ ಕೆಳಗೆ ಒಳ್ಳೆ ಹುರಿ ಮಾಡಿದ ಮೀಸೆ. ಸಾವಿರ ವರ್ಷದ ಹಿಂದೆ ಊರಿನ ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತ ಯಾವನೋ ವೀರ. ಮೂವತ್ತು ವರ್ಷದಿಂದ ಹೆಂಗಸರು ಮುತ್ತೈದೆತನ ಕೊಡು ತಾಯಿ ಎಂದು ಬೇಡಿಕೊಂಡಿದ್ದು ಅವನನ್ನು. ಸುನಂದ ಸೀರೆಯನ್ನು ಮೊದಲಿದ್ದಂತೆ ಹೊದಿಸಿ ಕೆಳಗಿಳಿದಳು.

ಊರಿನಲ್ಲಿ ಪೆದ್ದಪ್ಪ ಎಂಬ ಮುದುಕರೊಬ್ಬರು ಇದ್ದರು. ಎಂಬತ್ತಾರು ವರ್ಷ. ಹೆಂಗಸರು ವೇಷ ಹಾಕದ ಕಾಲದಲ್ಲಿ ಅಕ್ಕಯ್ಯಮ್ಮನ ಪಾತ್ರ ಮೊದಲು ಮಾಡಿದ್ದು ಅವರೇ. ಹದಿನಾರರಲ್ಲಿ ಸೀರೆ ಉಟ್ಟವರು ನಲವತ್ತಾರಾಗುವವರೆಗೆ ಬಿಚ್ಚಲಿಲ್ಲ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಆಯುಷ್ಯದಲ್ಲಿ ಮೂವತ್ತು ವರ್ಷ ಮುಳುಗಿ ಮುಳುಗಿ ಎದ್ದ ಆ ಮನುಷ್ಯ ಈಗ ಜಗುಲಿಯ ಮೇಲೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸುನಂದ ಪಕ್ಕದಲ್ಲಿ ಕೂತು, ತಾನು ಬಂದ ಕೆಲಸ ಹೇಳಿ, ಪಾಳೇಗಾರನೂ ಇಲ್ಲ ಕಲ್ಲೂ ಹೆಂಗಸಿನದಲ್ಲ, ಮೇಷ್ಟ್ರಿಗೆ ಈ ಕಥೆ ಎಲ್ಲಿಂದ ಸಿಕ್ಕಿತು ತಾತ ಎಂದು ಕೇಳಿದಳು.

ಪೆದ್ದಪ್ಪ ಬೀಜ ಬಿಡಿಸುತ್ತಲೇ ಹೇಳತೊಡಗಿದರು. ಅಕ್ಕಯ್ಯಮ್ಮ ಎಂಬುದು ಮೇಷ್ಟ್ರ ಮೊದಲ ಹೆಂಡತಿಯ ಹೆಸರು. ಇದು ಹಳೆ ತಲೆಗಳಿಗೆಲ್ಲ ಗೊತ್ತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಆಕೆ ಒಂದು ಬೆಳಗ್ಗೆ ನೀರಿಗೆ ಹೋದವಳು ಹಿಂದಿರುಗಲಿಲ್ಲ. ಕೆರೆಯ ಮೆಟ್ಟಿಲ ಮೇಲೆ ಬಿಂದಿಗೆ ಸಿಕ್ಕಿತು. ಹೆಣ ಸಿಗಲಿಲ್ಲ. ಹೂಳಿನಲ್ಲಿ ಸಿಕ್ಕಿಕೊಂಡಿರಬೇಕು ಎಂದು ಊರು ಅಂದುಕೊಂಡಿತು. ಎರಡು ತಿಂಗಳಿಗೆ ಮೇಷ್ಟ್ರು ರಾಯಲ್ಪಾಡಿನ ಕಡೆಯಿಂದ ಇನ್ನೊಂದು ಹೆಣ್ಣು ತಂದರು. ಮರುವರ್ಷ ನಾಟಕ ಬರೆದರು. ಸತ್ತ ಹೆಂಡತಿಯ ಹೆಸರನ್ನೇ ಇಟ್ಟಿದ್ದಾರೆ, ಎಂಥ ಪ್ರೀತಿ ಎಂದು ಜನ ಕಣ್ಣೊರೆಸಿಕೊಂಡರು. ಕಾಲ ಹೋದ ಹಾಗೆ ಹಳಬರು ಸತ್ತರು, ಹೊಸಬರಿಗೆ ಪಾಳೇಗಾರನೇ ನಿಜವಾದ. ತಿಮ್ಮನಾಯಕನ ವೇಷ ಮಾತ್ರ ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ. ಬಿಂದಿಗೆ ತಬ್ಬಿ ಅಳುವುದು ಅವರೊಬ್ಬರಿಗೇ ಬರುತ್ತಿತ್ತು.

ಹಾಗಾದರೆ ಪಾಪ, ನಿಜವಾಗಿಯೂ ಸತ್ತವಳ ಕಥೆಯೇ ಎಂದು ಸುನಂದ ಅಂದಳು.

ಪೆದ್ದಪ್ಪ ತಲೆ ಎತ್ತಲಿಲ್ಲ. “ಆಯಮ್ಮ ಚಚ್ಚಿಪೋಲೇದು ತಾಯಿ,” ಅಂದರು ತೆಲುಗಿನಲ್ಲಿ, ಕನ್ನಡದಲ್ಲಿ ಹೇಳಲು ಹೆದರಿದವರ ಹಾಗೆ. ಆಮೇಲೆ ಕನ್ನಡದಲ್ಲೂ ಹೇಳಿದರು. “ಸಾಯಲಿಲ್ಲ. ನಾನು ನೋಡಿದೀನಿ.”

ಎಪ್ಪತ್ತಾರನೇ ಇಸವಿಯಲ್ಲಿ ಮಾಲೂರಿನವರು ನಾಟಕ ಆಡಿಸಿದ್ದರಂತೆ. ಕಡೆಯ ದೃಶ್ಯದಲ್ಲಿ ಪೆದ್ದಪ್ಪ ನೀಲಿ ಬಟ್ಟೆಯ ಕೆರೆಯೊಳಗೆ ಮುಳುಗಿ, ಹಲಗೆಯ ಮರೆಯಲ್ಲಿ ಮಲಗಿದ್ದರು. ಮೇಷ್ಟ್ರು ಬಿಂದಿಗೆ ತಬ್ಬಿ ಮೊದಲ ಪದ್ಯ ಎತ್ತಿದಾಗ ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಳ್ಳುವ ನಗೆಯಲ್ಲ, ಹೊಟ್ಟೆ ಹಿಡಿದು ನಕ್ಕಿದ್ದು. ಪೆದ್ದಪ್ಪ ಹಲಗೆಯ ಸಂದಿಯಿಂದ ನೋಡಿದರು. ನಲವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೂತಿದ್ದಳು. ಚಿಕ್ಕಂದಿನಲ್ಲಿ ತಾವು ಮೇಷ್ಟ್ರ ಮನೆಯಲ್ಲಿ ಪಾಠಕ್ಕೆಂದು ಇದ್ದಾಗ ತಮಗೆ ಮುದ್ದೆ ಬಡಿಸಿದ ಮುಖ. ಮೇಷ್ಟ್ರೂ ನೋಡಿದರು. ಪದ್ಯ ಅರ್ಧಕ್ಕೆ ನಿಂತಿತು. ಹಾರ್ಮೋನಿಯಂನವನು ಅದೇ ಸ್ವರ ಮೂರು ಸಲ ನುಡಿಸಿದ. ಅವತ್ತಿನಿಂದ ನಾಟಕ ಮಾಲೂರಿಗೆ ಹೋಗಲಿಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಸುನಂದ ಕೇಳಿದಳು. ಹೇಳಿದರೆ ತನ್ನ ಪಾತ್ರ ಹೋಗುತ್ತಿತ್ತು ಅಂದರು ಪೆದ್ದಪ್ಪ. ಸುಳ್ಳು ಹೇಳಲಿಲ್ಲ ಆ ಮುದುಕ, ಅಷ್ಟು ಮಟ್ಟಿಗೆ ದೊಡ್ಡವರು. ನಾಟಕದವರ ಗಾಡಿಗೆ ಸಾಮಾನು ಹೇರುವಾಗ ಯಾರನ್ನೋ ಕೇಳಿದ್ದಕ್ಕೆ, ಆ ಹೆಂಗಸು ಲಕ್ಕೂರಿನ ದಾರಿಯ ಇಟ್ಟಿಗೆ ಗೂಡಿನಲ್ಲಿ ಇರುವವಳು, ಗೂಡು ಸುಡುವ ಮುನಿಶಾಮಿಯ ಹೆಂಡತಿ ಎಂದು ತಿಳಿದಿತ್ತಂತೆ.

ಸುನಂದ ಎರಡು ಭಾನುವಾರ ಮಾಲೂರು ಅಲೆದಳು. ಗೂಡುಗಳ ಮಾಲೀಕರು ಬದಲಾಗಿದ್ದರು, ಕೆಲಸಕ್ಕೆ ಒಡಿಶಾದವರು ಬಂದಿದ್ದರು. ಕೊನೆಗೆ ಲಕ್ಕೂರಿನ ಒಂದು ಟೀ ಅಂಗಡಿಯಲ್ಲಿ, ಮುನಿಶಾಮಿ ಹೋಗಿ ಬಹಳ ಕಾಲವಾಯಿತು, ಅವನ ಹಿರಿಯ ಮಗಳು ದೊಡ್ಡಗಂಗಮ್ಮ ಇಲ್ಲೇ ರೇಷ್ಮೆ ಸಾಕುತ್ತಾಳೆ ಎಂದು ಮನೆ ತೋರಿಸಿದರು.

ದೊಡ್ಡಗಂಗಮ್ಮ ಅರವತ್ತೆಂಟು ವರ್ಷದ ಎತ್ತರದ ಹೆಂಗಸು. ಹುಳು ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಸುನಂದ ಬಂದ ಕಾರಣ ಕೇಳಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಮ್ಮನ ತಿಥಿ ಊಟಕ್ಕೆ ಕರೆಯದೆ ಎಪ್ಪತ್ತು ವರ್ಷದಿಂದ ತಿಥಿ ಮಾಡುತ್ತಿರುವವರು ನೀವೇನಾ ಎಂದು ಕೇಳಿದಳು. ಹುಳುಗಳಿಗೆ ಹೊತ್ತು ಮೀರುತ್ತದೆ, ಸೊಪ್ಪು ಹಾಕುತ್ತಲೇ ಹೇಳುತ್ತೇನೆ ಅಂದಳು. ಹುಳುಗಳು ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

ಅವಳು ಹೇಳಿದ್ದು ಹೀಗೆ. ಅಕ್ಕಯ್ಯಮ್ಮನನ್ನು ಹದಿನಾರಕ್ಕೆ ಚನ್ನರಾಯಪ್ಪ ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರಿಗೆ ನಾಟಕದ ಹುಚ್ಚು. ಸಂಜೆ ಶಾಲೆಯಿಂದ ಬಂದು ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ, ಪುರಾಣದ ಪತಿವ್ರತೆಯರ ಮಾತು ಹೇಳಿಸುತ್ತಿದ್ದರು. ಅಕ್ಕಯ್ಯಮ್ಮನ ಬಾಯಿಗೆ ತೆಲುಗು ಬರುತ್ತಿತ್ತು, ಪುಸ್ತಕದ ಕನ್ನಡ ಹೊರಳುತ್ತಿರಲಿಲ್ಲ. ತಪ್ಪಿದರೆ ಮಕ್ಕಳಿಗೆ ಹೊಡೆಯುವ ರೂಲುದೊಣ್ಣೆಯಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಎಡಗೈಯ ಕಿರುಬೆರಳು ಸಾಯುವವರೆಗೂ ನೆಟ್ಟಗಾಗಲಿಲ್ಲ. ನಾಲ್ಕು ವರ್ಷವಾದರೂ ಮಗುವಾಗಲಿಲ್ಲವೆಂದು ಮೇಷ್ಟ್ರು ಎರಡನೆಯ ಮದುವೆ ಗೊತ್ತು ಮಾಡಿಕೊಂಡರು. ಅದನ್ನೂ ಅಕ್ಕಯ್ಯಮ್ಮ ನುಂಗಿಕೊಂಡಳು. ಮದುವೆಗೆ ಒಂದು ವಾರವಿದ್ದಾಗ ಅತ್ತೆ, ಅಡುಗೆಯವರು ಬೇಡ, ಇವಳೇ ಎಲ್ಲಕ್ಕೂ ಕಾರ ಅರೆಯಲಿ ಅಂದಳು. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, ಹ್ಞೂಂ, ಅರೆಯಲಿ ಅಂದರು. ಮಾರನೆಯ ಬೆಳಗ್ಗೆ ಆಕೆ ನೀರಿಗೆ ಹೋದವಳು ಬಿಂದಿಗೆಯನ್ನು ಮೆಟ್ಟಿಲ ಮೇಲಿಟ್ಟು ನಡೆದುಬಿಟ್ಟಳು.

“ಬಿಂದಿಗೆ ಯಾಕೆ ಬಿಟ್ಟೆ ಅಂತ ನಾನೇ ಕೇಳಿದೀನಿ,” ಅಂದಳು ದೊಡ್ಡಗಂಗಮ್ಮ. “ಅದು ಅವನ ಮನೇದು ಕಣೇ, ಕಳ್ಳಿ ಅನ್ನಿಸ್ಕೋಬಾರ್ದು ಅಂತ ಬಿಟ್ಟೆ ಅಂದ್ಲು. ಅದನ್ನ ಹಿಡ್ಕೊಂಡು ಅವ್ರು ಪದ್ಯ ಹಾಡವ್ರೆ.”

ಮಾಲೂರಿನಲ್ಲಿ ಅಕ್ಕಯ್ಯಮ್ಮ ಇಟ್ಟಿಗೆ ಹೊತ್ತಳು. ಎರಡು ವರ್ಷಕ್ಕೆ ಮುನಿಶಾಮಿ ಅವಳನ್ನು ಕೇಳಿದ. ನನಗೆ ಗಂಡ ಇದ್ದಾನೆ, ಮಕ್ಕಳಾಗುವುದಿಲ್ಲ, ಹೊಡೆದರೆ ಮಾರನೆಯ ದಿನ ಇರುವುದಿಲ್ಲ ಎಂದು ಮೂರು ಮಾತು ಹೇಳಿ, ಯೋಚಿಸಿ ಬಾ ಅಂದಳು. ಅವನು ಮಾರನೆಯ ಬೆಳಗ್ಗೆಯೇ ಬಂದ. ಆ ಮಕ್ಕಳಾಗದ ಹೆಂಗಸಿಗೆ ನಾಲ್ಕು ಮಕ್ಕಳಾದವು. ಗೂಡಿನ ಕೆಲಸ ಬಿಟ್ಟು ಲಕ್ಕೂರಿನಲ್ಲಿ ಎರಡು ಎಕರೆ ಮಾಡಿದಳು, ಹಿಪ್ಪುನೇರಳೆ ಹಾಕಿದಳು. ಎಪ್ಪತ್ತೆಂಟು ವರ್ಷ ಬದುಕಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ದೊಡ್ಡಗಂಗಮ್ಮ ಒಳಗಿನಿಂದ ಅವಳ ಮತದಾರರ ಚೀಟಿ ತಂದು ತೋರಿಸಿದಳು. ಅಕ್ಕಯ್ಯಮ್ಮ, ಗಂಡನ ಹೆಸರು ಮುನಿಶಾಮಿ. ಫೋಟೋದಲ್ಲಿ ಫೋಟೋದವನನ್ನು ಗದರಿಸುತ್ತಿರುವವಳ ಹಾಗಿದ್ದಳು.

ಮಾಲೂರಿನಲ್ಲಿ ನಾಟಕ ಆಡಿದ ದಿನ ದೊಡ್ಡಗಂಗಮ್ಮನೂ ಅಮ್ಮನ ಪಕ್ಕದಲ್ಲಿ ಕೂತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಎಲ್ಲರೂ ಅಳುವಾಗ ಅಮ್ಮ ನಗುತ್ತಿದ್ದುದಕ್ಕೆ ನಾಚಿಕೆಪಟ್ಟಿದ್ದಳಂತೆ. ಮಾರನೆಯ ಬೆಳಗ್ಗೆ ಗೂಡಿನ ಹತ್ತಿರ ಒಬ್ಬರು ಬಿಳಿ ಪಂಚೆಯವರು ಬಂದು ನಿಂತರು. ಮುಖದ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು. ಅಕ್ಕಯ್ಯಮ್ಮ ತಲೆಯ ಮೇಲಿನ ಇಟ್ಟಿಗೆ ಇಳಿಸಿ ಎದುರು ನಿಂತಳು.

ಮೇಷ್ಟ್ರು ಹೇಗಿದ್ದೀಯ ಎಂದು ಕೇಳಲಿಲ್ಲ. ಕ್ಷಮಿಸು ಅನ್ನಲೂ ಇಲ್ಲ. “ನೀನು ಹೋಗಿಬಿಟ್ಟೆ ಅಂತ ಊರೆಲ್ಲ ನಂಬಿದೆ. ನನ್ನ ಹೆಸರು, ನಾಟಕ, ಎಲ್ಲ ಅದರ ಮೇಲೆ ನಿಂತಿದೆ. ಹಾಗೇ ಇದ್ದುಬಿಡು,” ಅಂದರು.

“ನಿನ್ನ ಪಾಲಿಗೆ ಸತ್ತಿರೋದು ನಂಗೇನೂ ನಷ್ಟ ಇಲ್ಲ,” ಅಂದಳು ಅಕ್ಕಯ್ಯಮ್ಮ. “ಆದ್ರೆ ಆ ಕಡೇ ಮಾತು ತೆಗೆದುಹಾಕು. ಪೆಟ್ಟು ಪ್ರಸಾದ ಅಂತ, ಏಳು ಜನ್ಮಕ್ಕೂ ಆ ಕೈಗೇ ಕೊಡು ಅಂತ. ಅದನ್ನ ನಾನು ಹೇಳಿಲ್ಲ. ನೀನು ರೂಲುದೊಣ್ಣೇಲಿ ಹೊಡೆದಾಗ್ಲೂ ಹೇಳಿಲ್ಲ.”

ಮೇಷ್ಟ್ರು ತೆಗೆಯುತ್ತೇನೆ ಅಂದರು. ಮಕ್ಕಳ ಮೇಲೆ ಆಣೆ ಮಾಡಿದರು. ಹೋಗುವಾಗ ಗೂಡಿನ ಕಡೆ ನೋಡಿ, ಇಂಥ ಕೆಲಸ ಮಾಡಿಕೊಂಡು ಬದುಕುತ್ತಿದ್ದೀಯಲ್ಲ ಎಂದು ಮರುಕಪಟ್ಟರು. ಆ ಮಾತಿಗೆ ಮಾತ್ರ ಅಕ್ಕಯ್ಯಮ್ಮನಿಗೆ ಸಿಟ್ಟು ಬಂದು, ಇಟ್ಟಿಗೆ ಚೂರು ಎತ್ತಿಕೊಂಡಳಂತೆ. ಬಿಳಿ ಪಂಚೆಯವರು ಬೇಗ ಬೇಗ ನಡೆದರು.

ನಾಟಕದ ಆ ಕಡೆಯ ಮಾತನ್ನು ಮೇಷ್ಟ್ರು ತೆಗೆಯಲಿಲ್ಲ. ತೆಗೆದರೆ ಚಪ್ಪಾಳೆ ಕಡಿಮೆಯಾಗುತ್ತಿತ್ತು.

ಬರೆಯಲೇ ಎಂದು ಸುನಂದ ಕೇಳಿದಳು. ಹೆಸರು ಹಾಕಿಯೇ ಬರಿ, ನಮ್ಮಮ್ಮ ತಲೆಮರೆಸಿಕೊಂಡು ಬದುಕಿದವಳಲ್ಲ, ಯಾರೂ ಹುಡುಕಿಕೊಂಡು ಬರಲಿಲ್ಲ ಅಷ್ಟೆ, ಅಂದಳು ದೊಡ್ಡಗಂಗಮ್ಮ.

ಸುನಂದ ಮೊದಲು ಬರೆದ ಮೂರು ಪುಟ ಹರಿದು ಹಾಕಿ ಎಂಟು ಪುಟ ಬರೆದಳು. ಅದರಲ್ಲಿ ‘ಎನ್ನಲಾಗಿದೆ’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಭೀಮರಾಜ್ ಅದನ್ನು ಮಂಡಿಯಲ್ಲಿ, ಕಾಯಿ ರಾಶಿಗಳ ನಡುವೆ ಕುರ್ಚಿ ಹಾಕಿಕೊಂಡು ಓದಿದ. ಎರಡು ಸಲ ಓದಿದ. ಮನುಷ್ಯ ದಡ್ಡನಲ್ಲ, ನಿಜ ಎಂದು ಅವನಿಗೆ ಗೊತ್ತಾಯಿತು. ಅದಕ್ಕೇ ಹೆಚ್ಚು ಸಿಟ್ಟು ಬಂದಿದ್ದು. ತನ್ನ ಅಜ್ಜಿ ಎರಡನೆಯವಳು ಎಂದು ಅಚ್ಚು ಹಾಕಿಸುತ್ತೀರಾ ಎಂದು ಕೇಳಿದ. ಗುಡಿಯ ಗತಿ ಏನು ಎಂದು ಕೇಳಿದ. ಗುಡಿಯಲ್ಲಿ ಮೀಸೆ ಇರುವ ದೇವರನ್ನು ಇಡಬಹುದು ಎಂದು ಸುನಂದ ಅಂದದ್ದು ಅವನಿಗೆ ಅರ್ಥವಾಗಲಿಲ್ಲ. ಕೊನೆಗೆ ದನಿ ತಗ್ಗಿಸಿ, ತಿಳಿವಳಿಕೆ ಹೇಳುವವನ ಹಾಗೆ ಮಾತಾಡಿದ.

“ಮೇಡಂ, ಜನ ಅಳೋದು ಅವ್ಳು ಸತ್ತಳು ಅಂತ. ಬದುಕಿದ್ಳು, ಇಟ್ಟಿಗೆ ಹೊತ್ಲು, ನಾಲ್ಕು ಹೆತ್ಲು ಅಂದ್ರೆ ಯಾರು ಅಳ್ತಾರೆ?”

ಇಡೀ ನಾಟಕದ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ ಎಂದು ಬಸ್ಸಿನಲ್ಲಿ ಬರುವಾಗ ಸುನಂದಳಿಗೆ ಅನ್ನಿಸಿತು.

ಸ್ಮರಣ ಸಂಚಿಕೆಯಲ್ಲಿ ಬೇರೆಯವರ ಲೇಖನ ಬಂತು. ನಿವೃತ್ತ ಪ್ರಾಂಶುಪಾಲರೊಬ್ಬರು ತಿಮ್ಮನಾಯಕನಿಗೆ ಮೂರು ತಲೆಮಾರಿನ ವಂಶಾವಳಿಯನ್ನೂ ಹನ್ನೆರಡು ಆನೆಗಳನ್ನೂ ಒದಗಿಸಿದ್ದರು. ಸುನಂದಳ ಲೇಖನವನ್ನು ಕೋಲಾರದ ಒಂದು ಸಣ್ಣ ಮಾಸಿಕ ಛಾಪಿಸಿತು. ಅದಕ್ಕೆ ಇನ್ನೂರು ಚಂದಾದಾರರು, ಓದುವವರು ಅದರಲ್ಲಿ ಅರ್ಧ. ಆ ಅರ್ಧದಲ್ಲಿ ಒಬ್ಬರು ಭೀಮರಾಜನ ಜತೆ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಜೂನ್ ತಿಂಗಳಲ್ಲಿ ಸುನಂದಳಿಗೆ, ಈ ವರ್ಷ ಇತಿಹಾಸಕ್ಕೆ ಮಕ್ಕಳು ಕಡಿಮೆ ಎಂದು ಹೇಳಿ ಕಳಿಸಿದರು. ಕಡಿಮೆಯೇನೂ ಆಗಿರಲಿಲ್ಲ. ಅವಳು ಮಾಸಿಕದ ಒಂದು ಪ್ರತಿಯನ್ನು ಪೆದ್ದಪ್ಪನವರಿಗೆ ಓದಿ ಹೇಳಿ ಬಂದಳು. ಮುಳಬಾಗಿಲಿನ ಇನ್ನೊಂದು ಕಾಲೇಜಿನಲ್ಲಿ ಅತಿಥಿಯಾದಳು.

ಎಪ್ಪತ್ತನೆಯ ವರ್ಷದ ಪ್ರದರ್ಶನ ಶ್ರೀನಿವಾಸಪುರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ರಾತ್ರಿ ಪೂರ್ತಿ ಕೂರುವ ಜನ ಈಗ ಇಲ್ಲವೆಂದು ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದರು. ಸುನಂದ ಹೋದಳು. ಮೂರನೆಯ ಸಾಲಿನಲ್ಲಿ ದೊಡ್ಡಗಂಗಮ್ಮ ಕೂತಿದ್ದಳು. ಮಗಳು, ಸೊಸೆಯರು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ ಲಕ್ಕೂರಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಭೀಮರಾಜನಿಗೆ ಯಾರೋ ಹೋಗಿ ಹೇಳಿರಬೇಕು. ಅವನು ಬಂದು ಕೈಮುಗಿದು, ವೇದಿಕೆಗೆ ಕರೆಯದೆ ಅಲ್ಲೇ ಒಂದು ಶಾಲು ಹೊದಿಸಿ, ಮಾಲೂರಿನಿಂದ ಬಂದಿರುವ ತಾಯಿಯ ಭಕ್ತರು ಎಂದು ಪಕ್ಕದವರಿಗೆ ಪರಿಚಯ ಮಾಡಿದ. ದೊಡ್ಡಗಂಗಮ್ಮ ಶಾಲನ್ನು ಮಡಿಸಿ ಮೊಮ್ಮಗಳಿಗೆ ಕೂರಲು ಹಾಕಿದಳು.

ಮೊದಲು ಸನ್ಮಾನ. ಸುನಂದ ತೋರಿಸಿದ ಮೂರನೆಯ ಸಾಲಿನ ಕಡೆ ನೋಡುತ್ತಿದ್ದ ಪೆದ್ದಪ್ಪನವರನ್ನು ಇಬ್ಬರು ಹಿಡಿದುಕೊಂಡು ವೇದಿಕೆ ಹತ್ತಿಸಿದರು. ಹಾರ, ಪೇಟ, ಹಣ್ಣಿನ ತಟ್ಟೆ ಎಲ್ಲ ಆದ ಮೇಲೆ ಭೀಮರಾಜ್ ಮೈಕು ಕೊಟ್ಟು, ಮೊದಲ ಅಕ್ಕಯ್ಯಮ್ಮ ಇವರು, ಆ ಕಡೆಯ ಮಾತನ್ನು ಇವರ ಬಾಯಿಂದಲೇ ಒಂದು ಸಲ ಕೇಳೋಣ ಅಂದ. ಸಭೆ ಚಪ್ಪಾಳೆ ತಟ್ಟಿತು. ಪೆದ್ದಪ್ಪ ಗಂಟಲು ಸರಿಮಾಡಿಕೊಂಡು ಸ್ವಾಮಿ ಎಂದರು. ಅಲ್ಲಿಗೇ ನಿಲ್ಲಿಸಿದರು. ಮರೆತಿರಬೇಕೆಂದು ಪಕ್ಕದವನು ಕಿವಿಯಲ್ಲಿ ಹೇಳಿಕೊಟ್ಟ.

“ಮರೆತಿಲ್ಲಪ್ಪ,” ಅಂದರು ಪೆದ್ದಪ್ಪ. “ಆ ಮಾತು ಆಯಮ್ಮ ಹೇಳಿಲ್ಲ. ತೆಗಿ ಅಂತ ಮೇಷ್ಟ್ರ ಎದುರಿಗೇ ಹೇಳಿದ್ಲು, ಅವ್ರು ತೆಗೀಲಿಲ್ಲ. ನಾನು ಮೂವತ್ತು ವರ್ಷ ಹೇಳ್ದೆ. ತಪ್ಪಾಯ್ತು. ಆಯಮ್ಮ ಸತ್ತೂ ಇಲ್ಲ, ನಡ್ಕೊಂಡು ಹೋದ್ಲು. ಅಗೋ ಅಲ್ಲಿ ಆಯಮ್ಮನ ಮಗಳು ಕೂತವ್ಳೆ.”

ಭೂಮಿ ಬಿರಿಯಲಿಲ್ಲ. ಗಂಡಸರು ಕೆಲವರು ನಕ್ಕರು, ಮುದುಕನಿಗೆ ಅರಳುಮರಳು ಎಂದು ಒಬ್ಬ ಗಟ್ಟಿಯಾಗಿ ಅಂದ. ಭೀಮರಾಜ್ ಮೈಕು ಕಿತ್ತುಕೊಂಡು, ಹಿರಿಯರು ಪಾತ್ರದಲ್ಲಿ ಎಷ್ಟು ತಲ್ಲೀನರಾಗಿದ್ದರು ಎಂಬುದಕ್ಕೆ ಇದೇ ಸಾಕ್ಷಿ ಎಂದ. ಅದಕ್ಕೂ ಚಪ್ಪಾಳೆ ಬಿತ್ತು. ನಾಟಕ ಶುರುವಾಯಿತು. ಬೆಂಗಳೂರಿನಿಂದ ಕರೆಸಿದ ನಟಿ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿ ಮುಳುಗಿದಳು. ತಿಮ್ಮನಾಯಕನಾದ ಸೊಸೈಟಿ ಕಾರ್ಯದರ್ಶಿ ಬಿಂದಿಗೆ ತಬ್ಬಿಕೊಂಡು ಇಪ್ಪತ್ತು ನಿಮಿಷ ಅತ್ತ. ಸಭೆಯಲ್ಲಿ ಗಂಡಸರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಗೆ ಹೋಗಿ ಊಟ ತಡವಾದದ್ದಕ್ಕೆ ಹೆಂಡತಿಯನ್ನು ಬಯ್ಯುವವರೂ ಅವರೇ ಎಂದು ಸುನಂದ ಅಂದುಕೊಂಡಳು. ದೊಡ್ಡಗಂಗಮ್ಮ ಕಡಲೆಕಾಯಿ ಸುಲಿಯುತ್ತ, ಚೆನ್ನಾಗಿ ಅಳ್ತಾನೆ ಎಂದು ಮಾತ್ರ ಹೇಳಿದಳು.

ಆದರೆ ಹೆಂಗಸರು ಆ ದಿನ ಅಷ್ಟು ಅಳಲಿಲ್ಲ. ಸುನಂದ ಅದನ್ನು ಗಮನಿಸಿದಳು. ಅವರು ನಾಟಕಕ್ಕಿಂತ ಹೆಚ್ಚಾಗಿ ಮೂರನೆಯ ಸಾಲನ್ನು ನೋಡುತ್ತಿದ್ದರು. ಪರದೆ ಬಿದ್ದು, ಗಂಡಸರು ಬಜ್ಜಿ ಕಾಫಿಗೆ ಹೊರಗೆ ಹೋದ ಮೇಲೆ, ಮೊದಲು ಒಬ್ಬ ಮುದುಕಿ ಬಂದು ದೊಡ್ಡಗಂಗಮ್ಮನ ಪಕ್ಕ ಕೂತಳು. ನೀನು ಆಯಮ್ಮನ ಮಗಳಾ ಎಂದು ಕೇಳಿ, ಕೈ ಹಿಡಿದು ನೋಡಿದಳು. ಆಮೇಲೆ ಇಬ್ಬರು ಬಂದರು. ಆಮೇಲೆ ಕಂಕುಳಲ್ಲಿ ಕೂಸು ಇಟ್ಟುಕೊಂಡ ಒಬ್ಬಳು, ಕಾಲೇಜಿನ ಹುಡುಗಿಯರು ಮೂವರು. ಯಾರೂ ಪಾಳೇಗಾರನ ಬಗ್ಗೆ ಕೇಳಲಿಲ್ಲ. ಮೇಷ್ಟ್ರ ಬಗ್ಗೆಯೂ ಕೇಳಲಿಲ್ಲ. ಕೂಸಿನ ತಾಯಿ ಬಾಗಿಲ ಕಡೆ ಒಂದು ಸಲ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

“ಯಾವ ದಾರೀಲಿ ಹೋದ್ರು ಅಮ್ಮ ಅವ್ರು?”

ದೊಡ್ಡಗಂಗಮ್ಮ ಮಡಿಲಿನ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ನೇರವಾಗಿ ಕೂತಳು.

“ಶ್ರೀನಿವಾಸಪುರದವರ್ಗೂ ನಡೆದೇ ಬಂದ್ಲಂತೆ, ತೋಪುಗಳ ಒಳಗಿಂದ. ದೊಡ್ಡ ರಸ್ತೆ ಹಿಡೀಲಿಲ್ಲ, ಗುರುತಿನೋರು ಸಿಕ್ತಾರೆ ಅಂತ. ಆವಾಗ ಇಲ್ಲಿ ಸಣ್ಣ ರೈಲಿತ್ತು. ಅದು ಹತ್ತಿ ಬೌರಿಂಗ್‌ಪೇಟೆ, ಅಲ್ಲಿಂದ ದೊಡ್ಡ ರೈಲು. ಟಿಕೆಟ್ ಕೇಳೋನು ಮಾಲೂರಲ್ಲಿ ಇಳಿಸ್ದ. ಅದಕ್ಕೇ ಮಾಲೂರು. ಇಲ್ದಿದ್ರೆ ಬೆಂಗಳೂರಿಗೇ ಹೋಗ್ತಿದ್ಲು.”

ಆ ದಿನ ಊಟಕ್ಕೆ ಏನು ಮಾಡಿದರು ಎಂದು ಮುದುಕಿ ಕೇಳಿದಳು. ಕಾಲೇಜಿನ ಹುಡುಗಿಯೊಬ್ಬಳು ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.